ಚೀಟಿಯ ಮೇಲಿಲ್ಲದ ಗಂಟೆ

ವೈದ್ಯರ ಚೀಟಿಯಲ್ಲಿ ಗುಳಿಗೆಯ ಹೆಸರಿನ ಮುಂದೆ 1-0-1 ಎಂದಿರುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಹಗಲು ದುಡಿದು ರಾತ್ರಿ ಮಲಗುವವರಿಗೆ ಇದರಲ್ಲಿ ಗೊಂದಲವಿಲ್ಲ. ಆದರೆ ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ಮೂರನೇ ಪಾಳಿ ಮುಗಿಸಿ, ಏಳೂವರೆಗೆ ಖೋಲಿಗೆ ಬಂದು, ಕಿಟಕಿಗೆ ಚಾದರ ಕಟ್ಟಿ ಮಲಗುವ ಕಲಬುರಗಿಯ ಹುಡುಗನಿಗೆ ‘ಬೆಳಿಗ್ಗೆ’ ಯಾವಾಗ? ಮುಂಬೈಯ ಹೋಟೆಲಿನಲ್ಲಿ ನಸುಕಿನ ನಾಲ್ಕಕ್ಕೆ ಇಡ್ಲಿ ಬೇಯಿಸಲು ನಿಲ್ಲುವ ಕುಂದಾಪುರದವರಿಗೆ? ಪುಣೆಯ ಐಟಿ ಕಂಪನಿಗಳಿರುವ ಹಿಂಜವಡಿಯಲ್ಲಿ ಅಮೆರಿಕದ ವೇಳೆಗೆ ಕೂತು ಕೆಲಸ ಮಾಡುವ ಧಾರವಾಡದ ಇಂಜಿನಿಯರಿಗೆ?

ಹಾರ್ಮೋನ್, ದೇಹದ ಗಡಿಯಾರ, ಉರಿಯೂತ ಎಂಬ ಮೂರು ಮಾತುಗಳು ಈಗ ಮೊಬೈಲಿನ ಆರೋಗ್ಯ ವಿಡಿಯೋಗಳಲ್ಲೆಲ್ಲ ಕೇಳಿಬರುತ್ತವೆ. ಒತ್ತಡದ ಹಾರ್ಮೋನ್ ಎನಿಸಿದ ಕಾರ್ಟಿಸಾಲ್ ಇಳಿಸುವ ಪಾನೀಯ, ಉರಿಯೂತ ತೊಳೆಯುವ ಕಷಾಯ ಎಂದೆಲ್ಲ ಮಾರಾಟವೂ ನಡೆದಿದೆ. ಮೂರರ ನಡುವೆ ನಂಟಿರುವುದು ನಿಜ. ಆ ನಂಟು ಬೆಳಕಿಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು, ಏಕೆಂದರೆ ಮೂರನ್ನೂ ಬೇರೆಬೇರೆ ಕೋಣೆಗಳಲ್ಲಿ ಕೂತ ಬೇರೆಬೇರೆ ಜನ ಓದುತ್ತಿದ್ದರು. 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ನಾಚಿಕೆಮುಳ್ಳಿನಂಥ ಗಿಡವನ್ನು ಕತ್ತಲಲ್ಲಿಟ್ಟರೂ ಅದರ ಎಲೆಗಳು ಹೊತ್ತಿಗೆ ಸರಿಯಾಗಿ ಬಿಚ್ಚಿ ಮುಚ್ಚುವುದನ್ನು ಕಂಡರು. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ, ಇಂದು ನಾವು ಸಿಆರ್‌ಪಿ ಎನ್ನುವ ಉರಿಯೂತದ ಗುರುತು ಸಿಕ್ಕಿತು. 1971ರಲ್ಲಿ ಹಣ್ಣಿನ ನೊಣದಲ್ಲಿ ಗಡಿಯಾರದ ಜೀನ್ ಪತ್ತೆಯಾಯಿತು, ಆ ಜೀನ್ ಕೆಲಸ ಮಾಡುವ ಬಗೆ ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಮೂರೂ ದಾರಿಗಳು ಮೊದಲು ಕೂಡಿದ್ದು ಸಂಧಿವಾತದ ರೋಗಿಯ ಹಾಸಿಗೆಯ ಬಳಿ. ಅಮೆರಿಕದ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್, ಕಾಮಾಲೆಯಾದಾಗ, ಗರ್ಭಿಣಿಯಾದಾಗ ಕೆಲವರ ಕೀಲುನೋವು ತಾನಾಗಿ ಇಳಿಯುವುದನ್ನು 1929ರಿಂದ ಗಮನಿಸುತ್ತ ಬಂದಿದ್ದರು. ದೇಹದೊಳಗೇ ಏನೋ ಒಂದು ಮದ್ದಿದೆ ಎಂಬುದು ಅವರ ಅಂದಾಜು. 1948ರ ಸೆಪ್ಟೆಂಬರಿನಲ್ಲಿ, ನಡೆಯಲೂ ಕಷ್ಟಪಡುತ್ತಿದ್ದ 29ರ ಹೆಣ್ಣುಮಗಳಿಗೆ ಕಾರ್ಟಿಸಾಲ್‌ಗೆ ಹತ್ತಿರದ ನಂಟಿನ ಸ್ಟೀರಾಯ್ಡ್ ಆದ ಕಾರ್ಟಿಸೋನನ್ನು ದಿನಕ್ಕೆ 100 ಮಿಲಿಗ್ರಾಂ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್‌ಗೆ ನೊಬೆಲ್ ಬಂತು.

ಆ 100 ಮಿಲಿಗ್ರಾಂ ಇಂದಿನ ಸ್ಟೀರಾಯ್ಡ್ ಗುಳಿಗೆಯಾದ ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ ಸುಮಾರು 20 ಮಿಲಿಗ್ರಾಂ. ಮೂತ್ರಪಿಂಡಗಳ ಮೇಲೆ ಕೂತ ನಮ್ಮ ಅಡ್ರಿನಲ್ ಗ್ರಂಥಿಗಳು ದಿನಕ್ಕೆ ತಯಾರಿಸುವ ಕಾರ್ಟಿಸಾಲ್ ಇದೇ ಲೆಕ್ಕದಲ್ಲಿ 5 ಮಿಲಿಗ್ರಾಂ ಆಸುಪಾಸು. ಹೊರಗಿನಿಂದ ನಾಲ್ಕು ಪಟ್ಟು ಬಂದರೆ ಮಿದುಳು ಗ್ರಂಥಿಗೆ ‘ಸಾಕು ನಿಲ್ಲಿಸು’ ಎನ್ನುತ್ತದೆ. ಮೂರ‍್ನಾಲ್ಕು ವಾರ ಹೀಗೆ ನಡೆದರೆ ಗ್ರಂಥಿ ಮಲಗಿಬಿಡುತ್ತದೆ. ಆಮೇಲೆ ಗುಳಿಗೆಯನ್ನು ಒಮ್ಮೆಗೇ ಬಿಟ್ಟರೆ ಬಿಪಿ ಕುಸಿಯುತ್ತದೆ, ವಾಂತಿ ಶುರುವಾಗುತ್ತದೆ, ಜೀವಕ್ಕೇ ಅಪಾಯ. ಸ್ಟೀರಾಯ್ಡನ್ನು ಮೆಟ್ಟಿಲಿಳಿದ ಹಾಗೆ ಇಳಿಸುವುದು ಇದಕ್ಕಾಗಿ. ಮುಖ ಊದುವುದು, ಮೂಳೆ ಸವೆಯುವುದು, ಶುಗರ್ ಏರುವುದು ಐವತ್ತರ ದಶಕದಲ್ಲೇ ತಿಳಿದಿತ್ತು.

ಎಷ್ಟು ಕೊಡಬೇಕು ಎಂಬುದರ ಮೇಲೆ ಇಷ್ಟೆಲ್ಲ ಚರ್ಚೆ ನಡೆದಾಗ, ಯಾವಾಗ ಎಂಬುದು ಹಿಂದೆಯೇ ಉಳಿಯಿತು. ರಾತ್ರಿ ಮಲಗುವವರಲ್ಲಿ ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ, ಎರಡು-ಮೂರು ಗಂಟೆಯಿಂದ ಏರತೊಡಗಿ ಏಳುವ ಹೊತ್ತಿಗೆ ತುದಿಗೆ ತಲುಪುತ್ತದೆ. ಸಂಧಿವಾತ ಇರುವವರಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಾಹಕವೂ ರಾತ್ರಿಯೇ ಏರುತ್ತದೆ, ಅದನ್ನು ತಡೆಯಲು ಅವರ ಕಾರ್ಟಿಸಾಲ್ ಸಾಲುವುದಿಲ್ಲ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದೆ, ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂರುವುದು ಇದರಿಂದ. ಎಂಟು ಗಂಟೆಗೆ ನುಂಗಿದ ಗುಳಿಗೆ, ಉರಿಯೂತ ತನ್ನ ಕೆಲಸ ಮುಗಿಸಿದ ಮೇಲೆ ಬಂದು ತಲುಪುತ್ತದೆ.

1997ರಲ್ಲಿ ಒಂದು ತಂಡ 26 ರೋಗಿಗಳ ಮೇಲೆ ಪ್ರಯೋಗ ನಡೆಸಿ, ಕೆಲವರನ್ನು ರಾತ್ರಿ ಎರಡಕ್ಕೆ ಎಬ್ಬಿಸಿ 5 ಅಥವಾ 7.5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಕೊಟ್ಟಿತು, ಉಳಿದವರಿಗೆ ಅಷ್ಟನ್ನೇ ಬೆಳಿಗ್ಗೆ ಏಳೂವರೆಗೆ. ಎರಡಕ್ಕೆ ಎದ್ದವರ ಬಿಗಿತ ಹೆಚ್ಚು ಇಳಿಯಿತು. ದಿನಾ ಎರಡಕ್ಕೆ ಏಳುವುದು ಯಾರಿಂದಾದೀತು? ಹಾಗಾಗಿ ರಾತ್ರಿ ಹತ್ತಕ್ಕೆ ನುಂಗಿದರೆ ನಾಲ್ಕು ತಾಸು ಬಿಟ್ಟು ಹೊಟ್ಟೆಯಲ್ಲಿ ಬಿಚ್ಚಿಕೊಳ್ಳುವ ಗುಳಿಗೆ ಮಾಡಿದರು. 2008ರಲ್ಲಿ 288 ರೋಗಿಗಳ ಮೇಲೆ 12 ವಾರ ಪರೀಕ್ಷಿಸಿದಾಗ ಬೆಳಗಿನ ಬಿಗಿತ, ಮಾಮೂಲಿ ಗುಳಿಗೆಗಿಂತ ಸುಮಾರು ಅರ್ಧ ತಾಸು ಹೆಚ್ಚು ಇಳಿದಿತ್ತು. ಔಷಧಿ ಅದೇ, ಪ್ರಮಾಣ ಅದೇ, ಬದಲಾದದ್ದು ಗಂಟೆ.

ಇಷ್ಟು ತಿಳಿದ ಮೇಲೂ 2021ರ ಏಪ್ರಿಲ್-ಮೇ ನಮ್ಮ ಊರುಗಳಲ್ಲಿ ನಡೆದುಹೋಯಿತು. ಕೋವಿಡ್‌ಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ, ಅದೂ ಆಮ್ಲಜನಕ ಬೇಕಾದವರಿಗೆ ಮಾತ್ರ ಎಂದು 2020ರ ಜೂನ್‌ನಲ್ಲೇ ಗೊತ್ತಾಗಿತ್ತು. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭವೇನೂ ಕಂಡಿರಲಿಲ್ಲ. ಆದರೆ ಎರಡನೇ ಅಲೆಯ ಗಾಬರಿಯಲ್ಲಿ ಜ್ವರದ ಮೊದಲ ದಿನವೇ, ಮನೆಯಲ್ಲೇ, ಹೆಚ್ಚು ಪ್ರಮಾಣದಲ್ಲಿ ನುಂಗಿದವರು ಬಹಳ. ಶುಗರ್ ಏರಿತು, ಬಿಳಿ ರಕ್ತಕಣಗಳ ಕಾವಲು ಸಡಿಲವಾಯಿತು, ಮೂಗು-ಕಣ್ಣಿನ ಗೂಡಿಗೆ ಕಪ್ಪು ಶಿಲೀಂಧ್ರ ಇಳಿಯಿತು. ಹೆಚ್ಚು ಪ್ರಕರಣ ಕಂಡ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು. ಅದನ್ನು ವರದಿ ಮಾಡಲೇಬೇಕಾದ ರೋಗವೆಂದು ಸಾರಲು ಬಳಸಿದ ಕಾನೂನು 1897ರದು, ಮುಂಬೈಯ ಪ್ಲೇಗಿನ ಕಾಲದಲ್ಲಿ ಬಂದದ್ದು.

ಶುಗರ್ ಇಷ್ಟು ಬೇಗ ಏರಲು ನಮ್ಮ ಮೈಕಟ್ಟೂ ಒಂದು ಕಾರಣ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಒಂದೇ, 22.3. ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಕೊಬ್ಬೆಂದರೆ ಸುಮ್ಮನೆ ಬಿದ್ದ ಮೂಟೆಯಲ್ಲ, ಉರಿಯೂತದ ಸಂದೇಶಗಳನ್ನು ಹೊರಬಿಡುವ ಅಂಗ ಎಂಬುದು 1993ರಿಂದ ಸ್ಪಷ್ಟವಾಗುತ್ತ ಬಂದಿದೆ. ನೋಡಲು ಸಪೂರ ಇರುವವರೂ ಶುಗರ್ ಪರೀಕ್ಷೆ ಮಾಡಿಸಿಕೊಳ್ಳಬೇಕು ಎನ್ನುವುದು ಇದಕ್ಕೇ.

ಇದರ ಮೇಲೆ ಪಾಳಿ. 2009ರಲ್ಲಿ ಅಮೆರಿಕದಲ್ಲಿ 10 ಜನರನ್ನು ಪ್ರಯೋಗಾಲಯದಲ್ಲಿಟ್ಟು, ದಿನವನ್ನು 28 ತಾಸಿಗೆ ಹಿಗ್ಗಿಸಿ, ಊಟ-ನಿದ್ದೆಯನ್ನು ಅವರ ಗಡಿಯಾರದಿಂದ ಕಳಚಿದರು. ಇನ್ಸುಲಿನ್ ಶೇ 22 ಏರಿದರೂ ಗ್ಲೂಕೋಸ್ ಶೇ 6 ಹೆಚ್ಚಾಯಿತು, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಶೇ 17 ಇಳಿಯಿತು. ಲೆಕ್ಕ ಸಿಕ್ಕ 8 ಜನರಲ್ಲಿ ಮೂವರು, ಕೆಲವೇ ದಿನಗಳಲ್ಲಿ, ಊಟದ ನಂತರ ಮಧುಮೇಹದ ಹೊಸ್ತಿಲಲ್ಲಿದ್ದರು. ಮಹಾರಾಷ್ಟ್ರದಲ್ಲಿ 2017ರ ಕಾನೂನು ಅಂಗಡಿಗಳನ್ನು ದಿನದ 24 ತಾಸೂ ತೆರೆದಿಡಲು ಅವಕಾಶ ಕೊಟ್ಟಿತು. ರಾತ್ರಿ ದುಡಿಯುವವರ ಆರೋಗ್ಯದ ಮಾತು ಅಷ್ಟು ವೇಗವಾಗಿ ಮುಂದೆ ಬರಲಿಲ್ಲ.

ಬಿಪಿ ಗುಳಿಗೆಯ ವಾದವನ್ನೇ ನೋಡಿ. ರಾತ್ರಿ ಮಲಗುವಾಗ ತೆಗೆದುಕೊಂಡರೆ ಹೃದಯ-ರಕ್ತನಾಳದ ಅವಘಡಗಳು ಒಟ್ಟಾರೆ ಸುಮಾರು ಅರ್ಧದಷ್ಟು ತಗ್ಗುತ್ತವೆ ಎಂದು 2019ರಲ್ಲಿ ಸ್ಪೇನಿನ ಅಧ್ಯಯನ ಹೇಳಿತು. 2022ರಲ್ಲಿ ಬ್ರಿಟನ್ನಿನ 21,104 ಜನರ ಅಧ್ಯಯನ ವ್ಯತ್ಯಾಸವಿಲ್ಲ ಎಂದಿತು. ಈ ಎರಡನೆಯದನ್ನು ನಂಬುವುದೇ ಸರಿ, ಮರೆಯದ ಹೊತ್ತೇ ಒಳ್ಳೆಯ ಹೊತ್ತು. ಆದರೆ ಸ್ಪೇನಿನವರು ಆರಿಸಿಕೊಂಡದ್ದು ಹಗಲು ದುಡಿದು ರಾತ್ರಿ ಮಲಗುವವರನ್ನೇ. ಚಾಕಣದ ಹುಡುಗ ಆ ಲೆಕ್ಕದೊಳಗೇ ಇರಲಿಲ್ಲ.

ಪಾಳಿಯವರು ರಕ್ತ ಕೊಡುವಾಗ ಎದ್ದ ಹೊತ್ತು, ಕೊನೆಯ ಊಟದ ಹೊತ್ತು, ಈ ವಾರದ ಪಾಳಿ ಮೂರನ್ನೂ ಚೀಟಿಯ ಹಿಂದೆ ಬರೆದುಕೊಂಡು ಹೋಗಬೇಕು. ರಾತ್ರಿ ಮೂರಕ್ಕೆ ಡಬ್ಬಿ ಊಟ ಮಾಡಿ ಏಳಕ್ಕೆ ಕೊಟ್ಟ ‘ಫಾಸ್ಟಿಂಗ್’ ಶುಗರ್ ಫಾಸ್ಟಿಂಗ್ ಅಲ್ಲ, ಎಂಟು ತಾಸಾದರೂ ಹೊಟ್ಟೆ ಖಾಲಿ ಇರಬೇಕು. ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿಗೆ ಗಂಟೆಯ ಹಂಗಿಲ್ಲ, ಆದರೆ ರಕ್ತಹೀನತೆ ಇದ್ದರೆ ಅದೂ ದಾರಿ ತಪ್ಪಿಸಬಹುದು. ಸಿಆರ್‌ಪಿ ಕೂಡ ದಿನವಿಡೀ ಹೆಚ್ಚುಕಡಿಮೆ ಒಂದೇ, ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಮೊದಲು ಸೋಂಕು ಹುಡುಕಬೇಕು. ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಮಧ್ಯಾಹ್ನ ತಗ್ಗಿ ರಾತ್ರಿ ಏರುತ್ತದೆ, ಪ್ರತಿ ಸಲ ಒಂದೇ ಹೊತ್ತಿಗೆ ಕೊಡಬೇಕು. ಬೆಳಿಗ್ಗೆ ಎಂಟರ ಕಾರ್ಟಿಸಾಲ್ ಅಂತೂ ರಾತ್ರಿ ಪಾಳಿ ಮುಗಿಸಿ ನೇರ ಬಂದವರಲ್ಲಿ ಸರಿಯಾದ ಅರ್ಥ ಕೊಡದು, ವೈದ್ಯರಿಗೆ ಮೊದಲೇ ತಿಳಿಸಿ ಹಗಲು ಪಾಳಿಯ ವಾರಗಳಲ್ಲಿ ಮಾಡಿಸುವುದು ಲೇಸು. ಥೈರಾಯ್ಡ್ ಗುಳಿಗೆಗೆ ಬೇಕಾದದ್ದು ಬರೀ ಖಾಲಿ ಹೊಟ್ಟೆ: ಎದ್ದ ಕೂಡಲೇ, ಚಹಾಕ್ಕೆ ಅರ್ಧದಿಂದ ಒಂದು ತಾಸು ಮೊದಲು, ಎದ್ದದ್ದು ಸಂಜೆ ನಾಲ್ಕಕ್ಕಾದರೂ ಸರಿ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳು ಅದರಿಂದ ನಾಲ್ಕು ತಾಸು ದೂರವಿರಲಿ.