ಮನವರಿಕೆ ಬೇರೆ, ಮನವೊಲಿಕೆ ಬೇರೆ ಮಾರಾಯ್ರೇ!

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ನೋಟಿಸ್ ಅಂಟಿಸಿದ್ದಾರೆ: ‘ಹಸಿ ಕಸ, ಒಣ ಕಸ ಬೇರೆ ಮಾಡದವರಿಗೆ ದಂಡ ವಿಧಿಸಿ ಮನವೊಲಿಸಲಾಗುವುದು.’ ಪೇಪರಿನಲ್ಲೂ ಇದೇ ಕತೆ. ಒತ್ತಡ ಹಾಕಿ ಮನವೊಲಿಸಿದರು, ಎಚ್ಚರಿಕೆ ಕೊಟ್ಟು ಮನವೊಲಿಸಿದರು. ಸಾಮ, ದಾನ, ಭೇದ, ದಂಡ ಎಂಬ ನಾಲ್ಕು ಉಪಾಯಗಳಲ್ಲಿ ಮನವೊಲಿಕೆ ಸೇರುವುದು ಸಾಮಕ್ಕೆ. ದಂಡ ಹಾಕಿದ ಮೇಲೆ ಒಲಿಸುವುದೇನು ಬಂತು?

ಪದ ಬಿಡಿಸಿದರೆ ಮನ, ಒಲಿಸು. ನಡುವೆ ಒಂದು ‘ವ’. ಒಲಿಸು ಬಂದದ್ದು ‘ಒಲಿ’ಯಿಂದ. ಒಲವು, ಒಲುಮೆ ಎಲ್ಲ ಅದೇ ಮನೆಯವು. ಉಡುಪಿಯಲ್ಲಿ ಕನಕನ ಕಿಂಡಿಯ ಕತೆ ಹೇಳುವಾಗ ಕೃಷ್ಣ ಕನಕದಾಸರಿಗೆ ಒಲಿದ ಎನ್ನುತ್ತೇವೆ. ಕೃಷ್ಣ ಒಪ್ಪಿಕೊಂಡ ಎಂದು ಯಾರಾದರೂ ಹೇಳುತ್ತಾರಾ? ವಿದ್ಯೆ ಒಲಿಯುತ್ತದೆ, ಅದೃಷ್ಟ ಒಲಿಯುತ್ತದೆ. ಒಲಿಯದೆ ಹೋಗಲೂಬಹುದು, ಅದು ಒಲಿಯುವವರ ಇಷ್ಟ. ಎದುರಿನವರಿಗೆ ‘ಆಗಲ್ಲ’ ಎನ್ನಲು ಜಾಗವೇ ಇಲ್ಲದಿದ್ದರೆ ಅದಕ್ಕೆ ಒತ್ತಾಯ ಎಂಬ ಚೊಕ್ಕ ಪದ ಇದೆ. ಅದನ್ನೇ ಬರೆಯಿರಿ.

ಇದಕ್ಕಿಂತ ಜಾಸ್ತಿ ಕಿರಿಕಿರಿ ಮನವರಿಕೆಯದ್ದು, ಮನವೊಲಿಕೆ ಎನ್ನಬೇಕಾದಲ್ಲೂ ಇದನ್ನೇ ಬಳಸುತ್ತೇವೆ. ಅದರಲ್ಲಿರುವುದು ‘ಅರಿ’, ಅಂದರೆ ತಿಳಿ. ವಿಷಯ ತಲೆಗೆ ಹೋದರೆ ಮನವರಿಕೆ ಮುಗಿಯಿತು. ಹೆಲ್ಮೆಟ್ ಯಾಕೆ ಬೇಕು ಅಂತ ನಮ್ಮ ಮಾವನಿಗೆ ಚೆನ್ನಾಗಿ ಮನವರಿಕೆ ಆಗಿದೆ. ಬೇರೆಯವರಿಗೆ ಅವರೇ ಬುದ್ಧಿ ಹೇಳುತ್ತಾರೆ! ತಾವು ಹೊರಟಾಗ ಮಾತ್ರ, ‘ಇಲ್ಲೇ ಪಂಪ್‌ವೆಲ್ ಸರ್ಕಲ್‌ವರೆಗೆ ಅಲ್ವಾ?’

ವೇಷವಿಲ್ಲದೆ ಮಾತಲ್ಲೇ ನಡೆಯುವ ಯಕ್ಷಗಾನ ತಾಳಮದ್ದಲೆಯಲ್ಲಿ ಕೃಷ್ಣಸಂಧಾನ ಕೇಳಿದವರಿಗೆ ಇದೇನು ಹೊಸದಲ್ಲ. ಕೃಷ್ಣನಂಥ ಮಾತುಗಾರ ವಾದ ಮಾಡಿದರೂ ಕೌರವ ಜಗ್ಗುವುದಿಲ್ಲ. ‘ಧರ್ಮ ಯಾವುದೆಂದು ಗೊತ್ತು, ಅದರ ಕಡೆ ಮನಸ್ಸು ಹೋಗುವುದಿಲ್ಲ’ ಎಂಬರ್ಥದ ಶ್ಲೋಕವೇ ದುರ್ಯೋಧನನ ಹೆಸರಿನಲ್ಲಿದೆ. ಮನವರಿಕೆ ಪೂರ್ತಿ, ಮನವೊಲಿಕೆ ಸೊನ್ನೆ.

ಒಲಿಸಿದ್ದಕ್ಕೆ ಉದಾಹರಣೆ ಬೇಕಾದರೆ ದಿನಾ ಚಿಲ್ಲರೆ ಕಟ್ಟುವ ಪಿಗ್ಮಿ ಉಳಿತಾಯ ಇದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು ಇದನ್ನು ಶುರು ಮಾಡಿದ್ದು 1928ರಲ್ಲಿ. ಉಳಿತಾಯ ಒಳ್ಳೆಯದು ಅಂತ ಬಡವರಿಗೆ ಪಾಠ ಹೇಳಬೇಕಿರಲಿಲ್ಲ. ಕೈಯಲ್ಲಿ ಉಳಿಯುವುದೇ ಚಿಲ್ಲರೆ, ಅದನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋಗುವುದು ಹೇಗೆ? ಏಜೆಂಟರು ದಿನಾ ಮನೆ ಬಾಗಿಲಿಗೇ ಬಂದರು, ಎರಡಾಣೆ ಕೊಟ್ಟರೂ ತೆಗೆದುಕೊಂಡರು. ಭಾಷಣ ಇಲ್ಲ, ಬೆದರಿಕೆ ಇಲ್ಲ. ಬೇಡ ಎನ್ನಲು ಇದ್ದ ಕಾರಣವನ್ನೇ ತೆಗೆದುಹಾಕಿದರು, ಅಷ್ಟೇ.

ಆಫೀಸಿನಲ್ಲಿ ರಜೆ ಕೇಳುವಾಗಲೂ ನಾವು ಸುಮ್ನೆ ಮನವರಿಕೆಗೇ ಹೊರಡುತ್ತೇವೆ. ಹತ್ತಿರದ ಸಂಬಂಧ, ಕಾರ್ಕಳದಲ್ಲಿ ಮದುವೆ, ಹೋಗದಿದ್ದರೆ ಅಮ್ಮ ಬಿಡುವುದಿಲ್ಲ. ಇದೆಲ್ಲ ಬಾಸ್‌ಗೆ ಅರ್ಥವಾಗುತ್ತದೆ ಮಾರಾಯ್ರೇ, ಅವರ ಮನೆಯಲ್ಲೂ ಮದುವೆ ಆಗುತ್ತದೆ. ಅವರಿಗಿರುವ ತಲೆಬಿಸಿ ಸೋಮವಾರದ ಬಿಲ್ಲಿಂಗ್ ಯಾರು ಮಾಡುತ್ತಾರೆ ಎಂಬುದು. ಮೊದಲು ಅದನ್ನು ಹೇಳಿ.