ಕಸದಿಂದ ವೇಷ ಮಾಡಿದರೆ ಸಾಲದೇ?

ಪ್ರಶ್ನೆ: ಆರೈಕೆ, ಸುಸ್ಥಿರತೆ ಕುರಿತು ಏಳೆಂಟು ಜನ ಸೇರಿ ಪರ್ಫಾರ್ಮೆನ್ಸ್ ಆರ್ಟ್ (ಪ್ರೇಕ್ಷಕರ ಮುಂದೆ ಕಲಾವಿದರು ಮಾಡುವ ಕ್ರಿಯೆಯೇ ಕೃತಿಯಾಗುವ ಕಲೆ) ಸಂಶೋಧನೆ ಶುರು ಮಾಡುತ್ತಿದ್ದೇವೆ. ವೇಷ, ಪರಿಕರಗಳನ್ನೆಲ್ಲ ಬಿಸಾಡಿದ ಪ್ಲಾಸ್ಟಿಕ್‌ನಿಂದ ಮಾಡಿದರೆ ಸಾಕಲ್ಲವೇ?

ಸಾಲದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ, ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ತೊಳೆದಿಟ್ಟ ಪೆಟ್ ಬಾಟಲಿಗೆ, ಅಂದರೆ ನೀರು, ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಗೆ, ಗುಜರಿಯಲ್ಲಿ ಬೆಲೆ ಇದೆ. ಕರಗಿಸಿ ಅದರಿಂದ ನೂಲು ತೆಗೆಯುತ್ತಾರೆ. ಅದನ್ನೇ ನೀವು ಕತ್ತರಿಸಿ, ಗ್ಲೂ ಗನ್‌ನಿಂದ ಬಟ್ಟೆಗೆ ಅಂಟಿಸಿ, ಸ್ಪ್ರೇ ಪೇಂಟ್ ಹೊಡೆದಿರೋ, ಮುಗಿಯಿತು. ಬಟ್ಟೆ, ಅಂಟು, ಬಣ್ಣ, ಪ್ಲಾಸ್ಟಿಕ್ ಒಂದಕ್ಕೊಂದು ಕಚ್ಚಿಕೊಂಡ ಮೇಲೆ ಯಾರೂ ಬಿಡಿಸುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಎರಡು ಪ್ರದರ್ಶನ ಆದ ಮೇಲೆ ವೇಷ ಸೀದಾ ಕಸದ ಗುಡ್ಡೆಗೆ. ಮರುಬಳಕೆ ಆಗಬಹುದಾಗಿದ್ದ ವಸ್ತುವನ್ನು ನೀವೇ ಕೆಡಿಸಿದಂತಾಯಿತು. ಜೊತೆಗೆ ಪ್ಲಾಸ್ಟಿಕ್ ಒಳಗೆ ಬೆವರು ಆರುವುದಿಲ್ಲ, ಕತ್ತರಿಸಿದ ಅಂಚು ಕಂಕುಳು, ಕುತ್ತಿಗೆಗೆ ಉಜ್ಜುತ್ತದೆ. ಆರೈಕೆಯ ಬಗ್ಗೆ ಕೃತಿ, ತೊಟ್ಟವರ ಮೈಮೇಲೆ ಗೀರು!

ಕಸವೇ ಬೇಕೆನ್ನುವ ಹಟವಿದ್ದರೆ ಅಂಟು, ಬಣ್ಣ ಬಿಡಿ. ಹೊಲಿಯಿರಿ, ಹಗ್ಗದಲ್ಲಿ ಕಟ್ಟಿ, ಗುಂಡಿ ಹಾಕಿ. ಅರ್ಧ ಗಂಟೆಯಲ್ಲಿ ಬಿಚ್ಚಿ ವಿಂಗಡಿಸಲು ಬರಬೇಕು. ಎರವಲು ತಂದು ವಾಪಸ್ ಕೊಡುವುದು ಇದಕ್ಕಿಂತ ಮೇಲು. ಇನ್ನು ತಂಡ ವಿಮಾನ ಹತ್ತಿ ಹೋಗಿ ಬರುವುದಾದರೆ, ಅದರ ಹೊಗೆಯ ಮುಂದೆ ಈ ವೇಷದ ಉಳಿತಾಯ ಲೆಕ್ಕಕ್ಕೇ ಬರುವುದಿಲ್ಲ.

ವಿಶೇಷ ವೇಷ, ಪರಿಕರ ಇಲ್ಲದೆಯೂ ಈ ಕೆಲಸ ನಡೆದಿದೆ. ತೊಳೆದು ಗುಡಿಸುವ ನಿತ್ಯದ ಕೆಲಸವೂ ಕಲೆಯೇ ಎನ್ನುವ ‘ಮೇಂಟೆನೆನ್ಸ್ ಆರ್ಟ್’ ಪ್ರಣಾಳಿಕೆಯನ್ನು 1969ರಲ್ಲಿ ಬರೆದ ಅಮೆರಿಕದ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್, 1973ರಲ್ಲಿ ಹಾರ್ಟ್‌ಫರ್ಡ್‌ನ ಮ್ಯೂಸಿಯಂ ಒಂದರ ಮೆಟ್ಟಿಲು, ನೆಲ ತೊಳೆದು ಅದನ್ನೇ ಕೃತಿ ಎಂದರು. 1979–80ರಲ್ಲಿ ನ್ಯೂಯಾರ್ಕ್‌ನ ಸುಮಾರು 8,500 ಪೌರಕಾರ್ಮಿಕರ ಕೈಕುಲುಕಿ, ನಗರವನ್ನು ಜೀವಂತವಾಗಿ ಇಟ್ಟಿದ್ದಕ್ಕೆ ಧನ್ಯವಾದ ಹೇಳಿದರು. ಯಾರ ದುಡಿಮೆ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ಅಲ್ಲಿನ ಹುಡುಕಾಟ.

ಆ ಹುಡುಕಾಟವನ್ನು ನಿಮ್ಮ ತಾಲೀಮಿನಿಂದಲೇ ಶುರು ಮಾಡಿ. ಒಂದು ನೋಟ್‌ಬುಕ್ ಇಡಿ, ಪುಟಕ್ಕೆ ನಾಲ್ಕು ಕಾಲಂ: ಹೆಸರು, ಕೆಲಸ, ನಿಮಿಷ, ಸಂಬಳ ಉಂಟೋ ಇಲ್ಲವೋ. ನೆಲ ಗುಡಿಸಿದ್ದು, ಫೋನಿನಲ್ಲಿ ಎಲ್ಲರ ಸಮಯ ಹೊಂದಿಸಿದ್ದು, ಅತ್ತವರ ಪಕ್ಕ ಕೂತಿದ್ದು, ಎಲ್ಲ ಬರೆಯಿರಿ. ಮೂರು ಗಂಟೆಯ ತಾಲೀಮಾದರೆ ಮೊದಲ 15 ನಿಮಿಷ ಯಾರಿಗೆ ಮೈ ಹೇಗಿದೆ ಎಂದು ಕೇಳಲು, ನಡುವೆ 20 ನಿಮಿಷ ಬಿಡುವು, ಕೊನೆಯ 25 ನಿಮಿಷ ಶುಚಿ ಮಾಡಿ ಬರೆಯಲು. ಕೊನೆಯದನ್ನೇ ಎಲ್ಲರೂ ನುಂಗುತ್ತಾರೆ. ಆಗ ಬರೆಯುವ ಕೆಲಸ ಪ್ರತಿ ಸಲ ಅದೇ ಒಬ್ಬರ ತಲೆಗೆ ಬೀಳುತ್ತದೆ, ಅದಂತೂ ನೋಟ್‌ಬುಕ್ಕಿಗೇ ಏರುವುದಿಲ್ಲ. ಪಾಳಿ ಹಾಕಿ. ತಿಂಗಳಿಗೊಮ್ಮೆ ಕೂಡಿಸಿ ನೋಡಿ, ಮುಂದಿನ ದೃಶ್ಯ ಆ ಮೊತ್ತದಿಂದಲೇ ಹುಟ್ಟಲಿ.

ನೀವು ಕೇಳದಿದ್ದರೂ ಒಂದು ಮಾತು. ನಡುವೆ ಯಾರಾದರೂ ತಂಡ ಬಿಟ್ಟರೆ ಅವರ ವಿಡಿಯೋ, ಅವರು ಹೇಳಿಕೊಂಡ ಮಾತು ಏನಾಗಬೇಕು? ಶುರುವಿನಲ್ಲೇ ತೀರ್ಮಾನಿಸಿ. ಎಲ್ಲಕ್ಕೂ ಒಂದೇ ಸಹಿ ಬೇಡ. ತಾಲೀಮಿನ ರೆಕಾರ್ಡಿಂಗ್, ಪ್ರದರ್ಶನ, ಸಂಗ್ರಹ, ಮೂರಕ್ಕೂ ಬೇರೆ ಬೇರೆ ಒಪ್ಪಿಗೆ ಪಡೆಯಿರಿ, ಪ್ರದರ್ಶನಕ್ಕೆ ಮುಂಚೆ ಮತ್ತೆ ಕೇಳಿ. ಕೊಟ್ಟ ಒಪ್ಪಿಗೆಯನ್ನು ಯಾವ ದಿನಾಂಕದವರೆಗೆ ವಾಪಸ್ ಪಡೆಯಬಹುದು ಎಂಬುದನ್ನೂ ಅದರಲ್ಲೇ ಬರೆಯಿರಿ. ವಿಡಿಯೋ ಹೊರಗೆ ಹೋದ ಮೇಲೆ ನೀವು ಅಳಿಸುವುದು ನಿಮ್ಮ ಬಳಿ ಇರುವ ಪ್ರತಿಯನ್ನು ಮಾತ್ರ.