ಹಲ್ಲಿಯ ಬೆರಳಲ್ಲಿ ಕುಂಕುಮದ ಚುಕ್ಕೆ

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಶಹಾಬಾದ್ ಹತ್ತಿರದ ಹಳ್ಳಿ, ಹಳೆಯ ಕಲ್ಲಿನ ಮನೆ. ಗೋಡೆಯ ಮೇಲಿನ ಹಲ್ಲಿಗಳ ಕಾಲ್ಬೆರಳಲ್ಲಿ ಕೆಂಪು ಚುಕ್ಕೆಗಳು ಅಂಟಿಕೊಂಡಿವೆ. ಮನೆಯಲ್ಲಿ ಬಾಣಂತಿ, ಎಳೆಗೂಸು ಇದ್ದಾರೆ. ಅವು ನಮಗೂ ಹತ್ತುತ್ತವೆಯೇ? ಔಷಧ ಹೊಡೆಸಬೇಕೇ?

ಉತ್ತರ: ಹತ್ತುವುದಿಲ್ಲ, ಹೊಡೆಸಬೇಡಿ. ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗ ಪಟ್ಟಿಯನ್ನೇ ಕೊಡುತ್ತದೆ. ಹಲ್ಲಿಯ ಮೈಮೇಲೆ ಯಾರು ಬಿದ್ದಿದ್ದಾರೆ ಎಂಬುದಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ.

ನೀವು ಕಂಡದ್ದು ನುಸಿ. ತೊಗರಿ ಬೆಳೆಯುವ ಸೀಮೆಯವರಿಗೆ ಈ ಪದ ಹೊಸದಲ್ಲ. ಗಿಡ ಪೊದೆಯಂತೆ ಬೆಳೆದು ಹೂವೇ ಬಿಡದೆ ನಿಂತರೆ ಗೊಡ್ಡು ರೋಗ ಎನ್ನುತ್ತೇವಲ್ಲ, ಅದರ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊರುವುದು ಬರಿಗಣ್ಣಿಗೆ ಕಾಣದ ಒಂದು ನುಸಿ. ಹಲ್ಲಿಯ ನುಸಿ ಅದರ ದೂರದ ನೆಂಟ. ಎರಡೂ ಕೀಟಗಳಲ್ಲ, ಜೇಡ ಮತ್ತು ಚೇಳಿನ ಬಳಗದವು. ತೊಗರಿಯದಕ್ಕೆ ನಾಲ್ಕೇ ಕಾಲು, ಹಲ್ಲಿಯದಕ್ಕೆ ಎಂಟು. ತೊಗರಿಯ ನುಸಿ ಪಕ್ಕದ ಸಾಲಿನ ಜೋಳಕ್ಕೆ ದಾಟಿದ್ದನ್ನು ಯಾವ ರೈತರೂ ಕಂಡಿಲ್ಲ. ಹಲ್ಲಿಯ ನುಸಿಯೂ ಹಾಗೆಯೇ, ಹಲ್ಲಿಯನ್ನೇ ನಂಬಿಕೊಂಡ ಜೀವ. ವಿಜ್ಞಾನಿಗಳು ಈ ಗುಂಪನ್ನು ಗೆಕ್ಕೋಬಿಯಾ ಎನ್ನುತ್ತಾರೆ.

ರಾತ್ರಿ ಟ್ಯೂಬ್‌ಲೈಟಿನ ಪಕ್ಕ ಹುಳಕ್ಕಾಗಿ ಕಾಯುತ್ತ ಕುಳಿತ ಹಲ್ಲಿಯನ್ನು ಭೂತಗನ್ನಡಿ ಹಿಡಿದು ನೋಡಿ. ಗೋಡೆಯನ್ನು ಹಿಡಿದುಕೊಳ್ಳಲು ಅದರ ಬೆರಳಿನ ಅಡಿಯಲ್ಲಿ ಪದರ ಪದರವಾದ ಪಟ್ಟಿಗಳಿರುತ್ತವೆ. ಆ ಮಡಿಕೆಗಳ ಸಂದಿನಲ್ಲಿ, ಕಾಲಿನ ಬುಡದಲ್ಲಿ, ಹುರುಪೆಗಳ ಅಂಚಿನಲ್ಲಿ ಕುಂಕುಮದ ಕಾಳಿನಂತಹ ಚುಕ್ಕೆಗಳು. ಚಪ್ಪಟೆ ಮೈ, ಚಾಚಿದ ಗಿಡ್ಡ ಕಾಲು. ಓಡಾಟವಿಲ್ಲ, ಸೂಜಿಯಂತಹ ಬಾಯನ್ನು ಚರ್ಮಕ್ಕೆ ಚುಚ್ಚಿ ಕುಳಿತರೆ ಕುಳಿತೇ ಬಿಟ್ಟಿತು. ಒಂದು ಹಲ್ಲಿಯ ಮೈ ಇನ್ನೊಂದಕ್ಕೆ ತಾಗಿದಾಗ ಮಾತ್ರ ಅದಕ್ಕೆ ಊರು ಬದಲು. ನಾಲ್ಕಾರು ಚುಕ್ಕೆಗಳಿಂದ ಹಲ್ಲಿಗೂ ದೊಡ್ಡ ಕೇಡಿಲ್ಲ.

ಹೊಲದ ಬದುವಿನಲ್ಲಿ ತಲೆಯಾಡಿಸುವ ಓತಿಕ್ಯಾತನ ಕತ್ತಿನ ಮಡಿಕೆಯಲ್ಲಿ ಕಿತ್ತಳೆ ಬಣ್ಣದ ಗುಂಪು ಕಂಡರೆ ಅದು ಬೇರೆ ಜಾತಿ, ಚಿಗ್ಗರ್. ಅದರ ಮರಿಗಳಷ್ಟೇ ಪರಾವಲಂಬಿಗಳು. ಆರು ಕಾಲಿನ ಆ ಮರಿ ಬೆಳೆದ ಮೇಲೆ ಮಣ್ಣಿಗಿಳಿದು ಕೀಟಗಳ ಮೊಟ್ಟೆ ತಿಂದು ಬದುಕುತ್ತದೆ. ಉಡದ ಮೈಮೇಲೆ ಕಾಳಿನ ಗಾತ್ರದ್ದು ಅಂಟಿಕೊಂಡಿದ್ದರೆ ಅದು ನುಸಿಯಲ್ಲ, ಉಣ್ಣಿ.

ಹಾವಿನ ನುಸಿಯ ಗುಣ ಮಾತ್ರ ಬೇರೆ. 1844ರಲ್ಲಿ ಫ್ರಾನ್ಸಿನ ಪಾಲ್ ಜೆರ್ವೇ ವಿವರಿಸಿದ ಇದು ಹಲ್ಲಿಯದರಂತೆ ಕೂತಲ್ಲೇ ಕೂರುವುದಿಲ್ಲ. ಕಣ್ಣಿನ ಸುತ್ತ, ಗದ್ದದ ಅಡಿಯ ಹುರುಪೆಗಳಲ್ಲಿ ಅಡಗಿ ರಕ್ತ ಕುಡಿದು ಕಪ್ಪಾಗುತ್ತದೆ, ಆಮೇಲೆ ಹಾವನ್ನು ಬಿಟ್ಟಿಳಿದು ತಂಪಾದ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು 60ರಿಂದ 80 ಮೊಟ್ಟೆ ಇಡಬಲ್ಲದು. 25–30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ 13ರಿಂದ 19 ದಿನ ಸಾಕು. ಹೆಚ್ಚಾದರೆ ಹಾವು ರಕ್ತಹೀನತೆಯಿಂದ ಸೊರಗುತ್ತದೆ, ಗಂಟೆಗಟ್ಟಲೆ ನೀರಿನಲ್ಲಿ ಮುಳುಗಿರುತ್ತದೆ. ಹಾಗೆಂದು ನಮ್ಮ ಏಪ್ರಿಲ್ ಬಿಸಿಲಿಗೆ ತೊಟ್ಟಿ ಸೇರಿದ ಕೇರೆ ಹಾವನ್ನೆಲ್ಲ ರೋಗಿ ಎನ್ನಬೇಡಿ, ಅದಕ್ಕೂ ಸೆಕೆಯಾಗುತ್ತದೆ.

ಹಾವು ಹಿಡಿಯುವ ಗೆಳೆಯರಿಗೆ ಇಲ್ಲೊಂದು ಮಾತು. ಒಂದು ಹಾವನ್ನು ತುಂಬಿದ ಬಟ್ಟೆಯ ಚೀಲದಲ್ಲಿ ಅದರ ನುಸಿ ಉಳಿದಿರುತ್ತದೆ, ಮುಂದಿನ ಹಾವಿಗೆ ಹತ್ತುತ್ತದೆ. ಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ. ಈ ನುಸಿ ಒಮ್ಮೊಮ್ಮೆ ಮನುಷ್ಯರನ್ನೂ ಕಚ್ಚುತ್ತದೆ, ತುರಿಕೆಯ ಗುಳ್ಳೆ ಏಳುತ್ತದೆ, ಆದರೆ ನಮ್ಮ ಮೈಮೇಲೆ ಸಂಸಾರ ಹೂಡುವುದಿಲ್ಲ. ಹಾವಿಗೆ ಚಿಕಿತ್ಸೆ ಬೇಕಾದರೆ ಪಶುವೈದ್ಯರೇ ಕೊಡಲಿ. ಹಾವುಗಳಿಗೆ ಬಳಸುವ ಐವರ್ಮೆಕ್ಟಿನ್ ಆಮೆಗೆ ಕೊಟ್ಟರೆ ಪ್ರಾಣವನ್ನೇ ತೆಗೆಯುತ್ತದೆ; ಕೈಗೆ ಸಿಕ್ಕ ಬಾಟಲಿ ಸುರಿಯುವ ವಿಷಯ ಇದಲ್ಲ.

ಇನ್ನು ನಿಮ್ಮ ಕೂಸು. ಅದರ ಮೈಯಲ್ಲಿ ಗುಳ್ಳೆ ಎದ್ದಿದ್ದರೆ ಹಲ್ಲಿಯನ್ನು ಬಿಟ್ಟು ಕೋಳಿಗೂಡಿನ ಕಡೆ ನೋಡಿ. ಕೋಳಿಯ ನುಸಿ ರಾತ್ರಿ ಹೊತ್ತು ಮನುಷ್ಯರನ್ನು ಕಚ್ಚುವುದುಂಟು. ಮನೆಯವರಿಗೆಲ್ಲ ಬೆರಳ ಸಂದಿನಲ್ಲಿ ತುರಿಕೆಯಿದ್ದರೆ ಅದು ಕಜ್ಜಿ ಇರಬಹುದು. ಅದೂ ನುಸಿಯೇ, ಆದರೆ ಮನುಷ್ಯರದ್ದೇ. ಎರಡಕ್ಕೂ ವೈದ್ಯರಿದ್ದಾರೆ. ಗೋಡೆಗೆ ಕೀಟನಾಶಕ ಹೊಡೆದರೆ ಅದರ ಘಾಟು ಮೊದಲು ಮುಟ್ಟುವುದು ತೊಟ್ಟಿಲಿಗೆ. ಹಲ್ಲಿಯಿಂದ ನಿಜವಾಗಿ ಜೋಪಾನವಾಗಿ ಇರಬೇಕಾದದ್ದು ಅದರ ಹಿಕ್ಕೆಯ ವಿಷಯದಲ್ಲಿ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅದರಲ್ಲಿರುತ್ತದೆ. ಹಾಲಿನ ಪಾತ್ರೆ ಮುಚ್ಚಿಡಿ, ತೊಟ್ಟಿಲನ್ನು ಟ್ಯೂಬ್‌ಲೈಟಿನ ನೇರ ಕೆಳಗಿನಿಂದ ನಾಲ್ಕು ಮಾರು ಆಚೆ ಸರಿಸಿ.